ಸೇರು ಒದ್ದ ಅಳಿಯ

ನಮ್ಮ ಕೆರೆಯ ಕೋಡಿಯ ಮೇಲೆ ನಿಂತು ಜೋರಾಗಿ ಕಲ್ಲು ಬೀಸಿದರೆ ಅದು ಕುಂಪಣಿ ಸೀಮೆಯಲ್ಲಿ ಬೀಳುತ್ತದೆ. ನಾನು ಹುಟ್ಟಿದ್ದು ಕಲ್ಲು ಬೀಳುವ ಕಡೆ. ಮದುವೆಯಾಗಿ ಬಂದದ್ದು ಕಲ್ಲು ಬೀಸುವ ಕಡೆ. ಈಚೆ ಪಾವಗಡ ತಾಲ್ಲೂಕು, ಮೈಸೂರು ಮಹಾರಾಜರದು. ಆಚೆ ಮಡಕಶಿರಾ ತಾಲ್ಲೂಕು, ಬ್ರಿಟಿಷರದು. ಕಂಪನಿ ಅನ್ನುವುದು ಹೋಗಿ ಎಷ್ಟೋ ಕಾಲವಾಯಿತಂತೆ, ನಮ್ಮ ಜನಕ್ಕೆ ಬ್ರಿಟಿಷರ ನೆಲ ಈಗಲೂ ಕುಂಪಣಿಯೇ. ಈ ಊರಲ್ಲಿ ನನಗೂ ಅದೇ ಹೆಸರು ಬಿತ್ತು. "ಲೇ ಕುಂಪಣಿ" ಅಂದರೆ ತಿರುಗಿ ನೋಡುವವನು ನಾನೇ.

ನಾನು ಬಂದದ್ದು ಮನೆ ಅಳಿಯನಾಗಿ. ನನ್ನ ಅವ್ವ ಹುಟ್ಟಿದ ಮನೆಗೇ ಬಂದೆ. ಅವ್ವನ ಅಣ್ಣ ನನ್ನ ಮಾವ. ಅತ್ತೆ ತೀರಿಕೊಂಡಿದ್ದಳು, ಇದ್ದವಳು ಒಬ್ಬಳೇ ಮಗಳು, ರಂಗಮ್ಮ. ಮಾವ ಊರ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚುವುದು, ಸರದಿ ಪ್ರಕಾರ ಗದ್ದೆ ಗದ್ದೆಗೂ ನೀರು ಬಿಡುವುದು, ಏರಿ ಕಾಯುವುದು ಅವನ ಕೆಲಸ. ಆ ಕೆಲಸಕ್ಕೆಂದು ಸರ್ಕಾರ ಬಿಟ್ಟ ಗದ್ದೆ ಕೆರೆಯ ಕೆಳಗಿದೆ. ಕೆಲಸ ಮನೆಯಲ್ಲಿರುವ ತನಕ ಗದ್ದೆ. ಕೆಲಸ ಬೇರೆ ಮನೆಗೆ ಹೋದರೆ ಗದ್ದೆಯೂ ಅದರ ಹಿಂದೆ ಹೋಗುತ್ತದೆ. ನಾವು ಮೂರು ಜನ ಉಣ್ಣುತ್ತಿದ್ದದ್ದು ಆ ಗದ್ದೆಯಿಂದಲೇ.

ಮದುವೆಯಲ್ಲಿ ನಡೆದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣನ್ನು ಗಂಡಿನ ಮನೆಗೆ ತುಂಬಿಸಿಕೊಳ್ಳುವಾಗ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರೆ. ಹೆಣ್ಣು ಬಲಗಾಲಲ್ಲಿ ಅದನ್ನು ಮೆಲ್ಲಗೆ ಒದ್ದು ಒಳಗೆ ಬರುತ್ತಾಳೆ. ನಮ್ಮಲ್ಲಿ ಹೆಣ್ಣು ಮನೆ ಬಿಟ್ಟು ಹೋಗುವುದೇ ಇಲ್ಲವಲ್ಲ, ಹಾಗಾದರೆ ಸೇರು ಒದೆಯುವವರು ಯಾರು ಎಂದು ಹೆಂಗಸರಲ್ಲಿ ಮಾತು ಎದ್ದಿತು.

"ಬರೋನು ಅವ್ನಲ್ವೇನ್ರೇ, ಅವ್ನೇ ಒದೀಲಿ" ಎಂದು ಒಬ್ಬ ಮುದುಕಿ ತೀರ್ಮಾನ ಕೊಟ್ಟಳು.

ಒದೆ ಅಂದರು, ಒದ್ದೆ. ಮೆಲ್ಲಗೆ ಎಂದು ಯಾರೂ ಹೇಳಲಿಲ್ಲ. ಸೇರು ಹಾರಿ ಹೋಗಿ ಒಳಗೆ ಕೂತಿದ್ದ ಪಟೇಲರ ಮೊಣಕಾಲಿಗೆ ಬಡಿಯಿತು. ಅಕ್ಕಿಯೆಲ್ಲ ಅವರ ಮಡಿಲಿಗೆ. ಊರು ಬಹಳ ದಿನ ನಕ್ಕಿತು.

ಮದುವೆಯಾದ ಮರುವರ್ಷ ಮಾವನ ಕಣ್ಣಿಗೆ ಪೊರೆ ಬಂತು. ಮೊದಲು ದೂರದ ಗದ್ದೆ ಕಾಣಲಿಲ್ಲ, ಆಮೇಲೆ ಕಾಲುವೆ ಕಾಣಲಿಲ್ಲ. ತೂಬಿಗೆ ಇಳಿಯುವ ಮೆಟ್ಟಿಲು ಕಾಣದೆ ಒಂದು ಸಲ ಜಾರಿದ. ಅವತ್ತಿನಿಂದ ಗುದ್ದಲಿ ನನ್ನ ಕೈಗೆ ಬಂತು. ಮಾವ ಏರಿಯ ಮೇಲೆ ಕೂತು ಕಿವಿಯಲ್ಲೇ ಕೆಲಸ ಮಾಡಿಸುತ್ತಿದ್ದ. ನಾನು ತೂಬಿನ ಗೂಟ ಎತ್ತುತ್ತಿದ್ದೆ, ಅವನು ಕೆಳಗೆ ನೀರು ಬೀಳುವ ಸದ್ದು ಕೇಳುತ್ತಿದ್ದ.

"ಇನ್ನೊಂಚೂರ್ ಎತ್ಲಾ. ಕೊನೇ ಗದ್ದೆ ಮುಟ್ಟೋ ನೀರೇನ್ಲಾ ಇದು? ಕರ ಉಚ್ಚೆ ಉಯ್ದಂಗೈತೆ."

ಎತ್ತುತ್ತಿದ್ದೆ.

"ಸಾಕು ಸಾಕು! ಕಾಲ್ವೆ ಒಡ್ದೋಗ್ಲಿ ಅಂತಾನಾ?"

ನನಗೆ ಸಿಟ್ಟು ಬರುತ್ತಿತ್ತು. ಆದರೂ ಅವನು ಹೇಳಿದಷ್ಟು ಎತ್ತಿದ ದಿನ ಕೊನೆ ಗದ್ದೆಯವನು ಜಗಳಕ್ಕೆ ಬರುತ್ತಿರಲಿಲ್ಲ. ಇದು ನಿಜ.

ಕೆಲಸ ನಾನು ಮಾಡುತ್ತಿದ್ದರೂ ಹೆಸರು ಮಾವನದೇ ಇತ್ತು. ಕಣ್ಣು ಕಾಣದವನು ನೀರುಗಂಟಿ ಆಗಿರುವಂತಿಲ್ಲ ಎಂದು ಪಟೇಲರು ಹೇಳಿದರು. ಕೆಲಸವನ್ನು ಅಳಿಯನಿಗೆ ಕೊಡಿ ಎಂದು ಶಾನುಭೋಗರ ಕೈಲಿ ಮಾವ ಅರ್ಜಿ ಬರೆಸಿದ. ಒಂದು ಅರ್ಜಿ, ಒಂದು ಸಹಿ, ಮುಗಿಯಿತು ಅಂದುಕೊಂಡೆ.

ವಿಚಾರಣೆಗೆ ಹೋಬಳಿಯ ಶೇಕ್ದಾರರು ಊರಿಗೆ ಬಂದರು. ಅವರು ಬಂದ ಹೊತ್ತಿಗೆ ನಾನು ಏರಿಯ ಒಳಮೈಯಲ್ಲಿ ಏಡಿ ಬಿಲಕ್ಕೆ ಹೊಂಗೆ ಸೊಪ್ಪು, ಜೇಡಿಮಣ್ಣು ತುಳಿಯುತ್ತಿದ್ದೆ. ಶೇಕ್ದಾರರು ಚಾವಡಿಯಲ್ಲಿ ಮಾವನನ್ನು ಕೇಳಿದರಂತೆ, "ಈಗ ಕೆಲಸ ಮಾಡ್ತಿರೋನು ಯಾರಯ್ಯಾ?"

ಮಾವ ಹೇಳಿದ್ದು, "ನನ್ ಮಗ ಕಣ್ ಸ್ವಾಮಿ."

ಸರ್ಕಾರದ ಕಾಗದದಲ್ಲಿ ಗಂಡಸಿನ ಹೆಸರು ಬರೆದು, ಬಿನ್ ಎಂದು ಹಾಕಿ, ಅಪ್ಪನ ಹೆಸರು ಬರೆಯುತ್ತಾರೆ. ಮದುವೆಯಾದ ಹೆಂಗಸಾದರೆ ಕೋಂ ಎಂದು ಹಾಕಿ ಗಂಡನ ಹೆಸರು ಬರೆಯುತ್ತಾರೆ. ಶೇಕ್ದಾರರು ಮಹಜರಿನಲ್ಲಿ "ಓಬಳೇಶ ಬಿನ್ ಕರೇತಿಮ್ಮಯ್ಯ" ಎಂದು ಬರೆದರು. ಓಬಳೇಶ ನಾನು. ಕರೇತಿಮ್ಮಯ್ಯ ನನ್ನ ಮಾವ. ನನ್ನ ಅಪ್ಪ ನಾಗಪ್ಪ ಕುಂಪಣಿಯಲ್ಲಿ ಗಟ್ಟಿಮುಟ್ಟಾಗಿ ಹೊಲ ಉಳುತ್ತಿದ್ದ. ಮಾವ ಹೆಬ್ಬೆಟ್ಟು ಒತ್ತಿದ, ಕಾಗದ ಪಾವಗಡಕ್ಕೆ ಹೋಯಿತು.

ಪಾವಗಡದ ತಾಲ್ಲೂಕು ಕಚೇರಿಗೆ ನನ್ನನ್ನು ಕರೆಸಿದರು. ಗುಮಾಸ್ತರು ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕದ ಮೇಲಿನಿಂದ ನೋಡಿದರು.

"ಏನಯ್ಯಾ, ಅರ್ಜಿಯಲ್ಲಿ ನಿನ್ನ ಹೆಂಡತಿ ಕರೇತಿಮ್ಮಯ್ಯನ ಮಗಳು ಅಂತಿದೆ. ಮಹಜರಿನಲ್ಲಿ ನೀನು ಕರೇತಿಮ್ಮಯ್ಯನ ಮಗ ಅಂತಿದೆ. ಒಡಹುಟ್ಟಿದವಳನ್ನ ಕಟ್ಟಿಕೊಳ್ಳೋ ಪದ್ಧತಿ ನಿಮ್ಮೂರಲ್ಲಿ ಯಾವಾಗಿಂದ?"

ಕಚೇರಿಯೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಜವಾನನೂ ನಕ್ಕ.

"ನಗೋದು ಆಮ್ಯಾಲೆ ಸ್ವಾಮಿ. ತಪ್ಪು ಎಲ್ಲೈತೋ ಅದನ್ನ ಹೊಡ್ದಾಕಿ."

"ಹೊಡೆದು ಹಾಕಕ್ಕೆ ಅದೇನು ತಿಗಣೇನಯ್ಯಾ? ಮಹಜರು ಅದು. ಇನ್ನೊಂದು ಸಲ ಆಗಬೇಕು."

ಊರಿಗೆ ಬಂದು ಮಾವನ ಮೇಲೆ ಹಾರಾಡಿದೆ. ಅವನು ಅಷ್ಟೇ ಜೋರಾಗಿ ಹಾರಾಡಿದ. "ಮಗ್ನಂಗವ್ನೆ, ಮಗ ಅಂದೆ. ಅದ್ರಾಗೇನ್ಲಾ ತಪ್ಪು?"

ಶೇಕ್ದಾರರು ಎರಡನೇ ಸಲ ಬರುವ ಮುಂಚೆ ರಂಗಮ್ಮ ಅವನಿಗೆ ಪಾಠ ಮಾಡಿದಳು. ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು.

"ಅಪ್ಪಯ್ಯ, ಇವ್ನ್ಯಾರು?"

"ಅಳಿಯ."

"ಯಾರ್ ಮಗ?"

"ನನ್..."

"ಅಪ್ಪಯ್ಯ!"

"ನಾಗಪ್ಪನ ಮಗ ಕಣಮ್ಮ ತಾಯಿ, ನಾಗಪ್ಪನ ಮಗ. ಏಟ್ ಸಲ ಕೇಳ್ತೀಯ?"

ಎರಡನೇ ಮಹಜರು ಸರಿಯಾಗಿ ಆಯಿತು. ಅದರಿಂದಲೇ ಹೊಸ ತೊಂದರೆ ಬಂತು. ಬಿನ್ ನಾಗಪ್ಪ ಎಂದು ಬರೆದ ಮೇಲೆ ನಾಗಪ್ಪ ಎಲ್ಲಿಯವನು ಎಂದೂ ಬರೆಯಬೇಕಾಯಿತು. ಕುಂಪಣಿಯ ಊರಿನ ಹೆಸರು ಕಾಗದ ಹತ್ತಿತು. ತಕರಾರು ಇದ್ದವರು ಹೇಳಿಕೊಳ್ಳಿ ಎಂದು ಚಾವಡಿಯ ಗೋಡೆಗೆ ನೋಟೀಸು ಅಂಟಿಸಿದರು. ಮಾವನ ದೊಡ್ಡಪ್ಪನ ಮಗ ತಕರಾರು ಹಾಕಿದ. ಅವನನ್ನು ನಾನು ದೊಡ್ಮಾವ ಅನ್ನುತ್ತಿದ್ದೆ. ಮನೆ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ. ಅವನಿಗೆ ಗಂಡುಮಕ್ಕಳಿದ್ದರು. ಕರೇತಿಮ್ಮಯ್ಯನಿಗೆ ಗಂಡು ಸಂತಾನವಿಲ್ಲ, ಅಳಿಯ ಪರಸೀಮೆಯವನು, ನೀರುಗಂಟಿಕೆ ನನ್ನ ಮಗನಿಗೆ ಬರಬೇಕು ಎಂದು ಅವನ ಅರ್ಜಿ.

ಮಾರನೇ ದಿನವೇ ಕಾಲುವೆಯ ಹತ್ತಿರ ಸಿಕ್ಕಿದ.

"ನನ್ ಮ್ಯಾಲೆ ಅರ್ಜಿ ಕೊಟ್ಟಿದ್ದೀಯಂತೆ ದೊಡ್ಮಾವ?"

"ನಿನ್ ಮ್ಯಾಲಲ್ಲ ಕಣ್ಲಾ, ಕುಂಪಣಿ ಮ್ಯಾಲೆ. ನೀನು ಒಳ್ಳೇ ಹುಡ್ಗ. ನಮ್ ಗದ್ದೆಗೆ ನೀರು ಬುಟ್ಟಾ?"

"ಬುಟ್ಟೆ."

"ಸರ್ಯಾಗ್ ಬುಟ್ಟಾ?"

"ಬಂದು ನೋಡ್ಕೋ ಹೋಗು!"

ನೋಡಿಕೊಂಡು ಬಂದು, ಸರಿಯಾಗಿದೆ ಎಂದು ಎಲೆ ಅಡಿಕೆ ಕೊಟ್ಟು ಹೋದ. ಅವನನ್ನು ಬೈಯುವುದಕ್ಕೂ ಒಂದು ದಾರಿ ಇರಲಿಲ್ಲ.

ಪಾವಗಡ ತಾಲ್ಲೂಕಿನ ಅಮಲ್ದಾರರು ನನ್ನನ್ನು ನಿಲ್ಲಿಸಿಕೊಂಡು ವಿಷಯ ಹೇಳಿದರು. ಒಳ್ಳೆಯವರೇ, ಆದರೆ ಒಂದೊಂದು ಮಾತನ್ನೂ ಅಳೆದು ಆಡುವವರು. ನೀರುಗಂಟಿಯಾಗುವವನು ಮೈಸೂರು ಸೀಮೆಯವನಾಗಿರಬೇಕು, ಊರಲ್ಲಿ ಕಾಯಂ ವಾಸ ಇರಬೇಕು. ಹುಟ್ಟಿದ ಊರನ್ನು ಪೂರ್ತಿ ಬಿಟ್ಟು ಬಂದಿದ್ದಾನೆ ಎಂದು ಅಲ್ಲಿಯ ಕರಣಂ ಬರೆದು ಕೊಡಬೇಕು. ಇಲ್ಲಿ ವಾಸವಿದ್ದಾನೆ ಎಂದು ಪಟೇಲರು ಬರೆದು ಕೊಡಬೇಕು.

ಕರಣಂ ಎಂದರೆ ಆ ಕಡೆಯ ಶಾನುಭೋಗ. ನಾನು ಹುಟ್ಟಿದ ಊರು ಏರಿಯಿಂದ ಕಾಣುತ್ತದೆ. ಹೋದೆ. ಕರಣಂ ಜಗುಲಿಯ ಮೇಲೆ ಕೂತಿದ್ದರು.

"ಇಲ್ಲಟಂ ಪೋಯಿನೋಡಿವಿ, ಮಳ್ಳೀ ಎಂದುಕೊಚ್ಚಿನಾವ್ ರಾ?" ಅಂದರು. ಮನೆ ಅಳಿಯನಾಗಿ ಹೋದವನು ಮತ್ತೆ ಯಾಕೆ ಬಂದೆ ಎಂದು.

ಹೋದೆ ಎಂದು ಬರೆದು ಕೊಡಿ, ಅದಕ್ಕೇ ಬಂದೆ ಅಂದೆ. ಅವರು ಬಹಳ ಯೋಚನೆ ಮಾಡಿದರು. ನನ್ನ ಹೆಸರಲ್ಲಿ ಅಲ್ಲಿ ಹೊಲವಿಲ್ಲ, ಮನೆಯಿಲ್ಲ, ಕಂದಾಯವಿಲ್ಲ. ಎಲ್ಲ ಅಪ್ಪನ ಹೆಸರಲ್ಲಿ. ಇದ್ದ ಎಂಬುದಕ್ಕೇ ಕಾಗದವಿಲ್ಲದವನು ಹೋದ ಎಂದು ಹೇಗೆ ಬರೆಯುವುದು ಎಂದು ಅವರ ಪ್ರಶ್ನೆ. ನಾನು ಎದುರಿಗೇ ನಿಂತಿದ್ದೆ, ನಾನು ಹುಟ್ಟಿದ ಮನೆ ಅವರ ಜಗುಲಿಗೆ ಕಾಣುತ್ತಿತ್ತು. ನನ್ನ ಅವ್ವ ಬಂದು ಅವರ ಮುಂದೆ ಕೂತಳು. ಇವನನ್ನು ಹೆತ್ತವಳು ನಾನು, ಕಳಿಸಿದವಳೂ ನಾನೇ, ಬರೆದುಕೊಡುವ ತನಕ ಏಳುವುದಿಲ್ಲ ಅಂದಳು. ಬರೆದು ಕೊಟ್ಟರು. ತೆಲುಗಿನಲ್ಲಿ.

ತೆಲುಗಿನವರು ಹೆಸರಿಗೆ ಮೊದಲು ಮನೆತನದ ಹೆಸರು ಹಾಕುತ್ತಾರೆ. ಅದು ಹೆಸರಿಗಿಂತ ಉದ್ದ. ಪಾವಗಡದಲ್ಲಿ ತರ್ಜುಮೆಯಾಗಿ ಗುಮಾಸ್ತರ ಕೈಗೆ ಬಂದಾಗ ಅವರು ಕೇಳಿದರು, "ಇದ್ಯಾರಯ್ಯಾ ಹೊಸಬ?"

"ನಾನೇ ಸ್ವಾಮಿ."

"ಓಬಳೇಶ ನೀನು. ಇವನು ಓಬುಲೇಸು. ಅದಕ್ಕೆ ಮೊದಲು ಇನ್ನೇನೋ ಇದೆ."

ಅಷ್ಟರಲ್ಲಿ ನಾನು ಪಾವಗಡಕ್ಕೆ ಓಡಾಡಿ ಓಡಾಡಿ ಎರಡು ಸಲ ನೀರಿನ ಸರದಿ ತಪ್ಪಿಸಿದ್ದೆ. ರಂಗಮ್ಮ ಸೀರೆ ಎತ್ತಿ ಕಟ್ಟಿ ತೂಬಿಗಿಳಿದು ಗೂಟ ಎತ್ತಿ ಊರಿನ ಗದ್ದೆ ಕಾಪಾಡಿದಳು. ಕೊನೆಗೆ ಅಮಲ್ದಾರರು ಬರೆದದ್ದು, ನೀರಿನ ಸರದಿಗೆ ಊರಲ್ಲೇ ಇಲ್ಲದ ಅರ್ಜಿದಾರನ ವಾಸ ಸಾಲದು, ಅರ್ಜಿ ವಜಾ. ಒಪ್ಪದಿದ್ದರೆ ಮಧುಗಿರಿಯ ಸಬ್ ಡಿವಿಜನ್ ಸಾಹೇಬರ ಹತ್ತಿರ ಅಪೀಲು ಹೋಗಬಹುದು.

ಅವತ್ತು ಮಾವ ಗೋಡೆಗೆ ಒರಗಿಕೊಂಡು, "ನಿನ್ನ ಕರ್ಕೊಂಬಂದು ಕೆಡಿಸ್ದೆ ಕಣ್ಲಾ ನಾನು" ಅಂದ.

"ಕೆಡ್ಸಿದ್ದೇನೂ ಇಲ್ಲ, ಸುಮ್ನಿರು" ಅಂದೆ.

ಮಧುಗಿರಿಗೆ ರಂಗಮ್ಮನೂ ಹೊರಟಳು. ಬೇಡ ಅಂದೆ. "ನೀನು ಒಬ್ನೇ ಹೋದ್ರೆ ಯಾರ್ನಾರ ಬೈದು ಬರ್ತೀಯ" ಅಂದಳು. ಪಾವಗಡದಿಂದ ಮೋಟಾರಿನಲ್ಲಿ ಕೂತೆವು. ಆ ರಸ್ತೆ ಒಂದೇ ಸೀಮೆಯಲ್ಲಿ ಹೋಗುವುದಿಲ್ಲ. ಸ್ವಲ್ಪ ದೂರ ನಮ್ಮದು, ನಡುವೆ ಕುಂಪಣಿಯದು, ಮತ್ತೆ ನಮ್ಮದು. ಕಿಟಕಿಯಲ್ಲಿ ನೋಡಿದರೆ ಅದೇ ಜಾಲಿ, ಅದೇ ಬಂಡೆ. ಗಡಿ ಕಲ್ಲು ಕಂಡಾಗ ಅವಳಿಗೆ ತೋರಿಸಿದೆ.

"ಬಾವ, ಈಗ ನಾನು ನಿನ್ನೂರೋಳಾದ್ನಾ?"

"ಊಂ. ಈಗ ನೀನು ಪರಸೀಮೆಯೋಳು. ತೆಪ್ಪಗೆ ಕೂತ್ಕೋ."

ಇನ್ನೊಂದು ಗಡಿ ಕಲ್ಲು ಬಂತು.

"ಈಗ ನೀನು ಪರಸೀಮೆಯೋನು. ಇಳಿ ಕೆಳೀಕೆ" ಎಂದು ನನ್ನ ಪಕ್ಕೆಗೆ ತಿವಿದಳು. ಮುಂದೆ ಕೂತಿದ್ದ ಮುದುಕ ತಿರುಗಿ ನೋಡಿ ನಕ್ಕ. ಎಷ್ಟೋ ದಿನದ ಮೇಲೆ ನನಗೂ ನಗು ಬಂತು.

ಮಧುಗಿರಿಯಲ್ಲಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರೊಬ್ಬರು ಚಾಪೆ ಹಾಕಿಕೊಂಡು ಕೂತಿರುತ್ತಾರೆ. ಹಿಂದೆ ಆ ದೊಡ್ಡ ಬಂಡೆ ಬೆಟ್ಟ, ಅದರ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಕಾಗದವನ್ನೆಲ್ಲ ಓದಿ ಅವರು ಲೇಖನಿ ಕಿವಿಗೆ ಸಿಕ್ಕಿಸಿಕೊಂಡರು.

"ಒಂದು ಸುಲಭದ ದಾರಿ ಇದೆ. ಮೊದಲನೇ ಮಹಜರಿನಲ್ಲಿ ಬಿನ್ ಕರೇತಿಮ್ಮಯ್ಯ ಅಂತ ಇದೆಯಲ್ಲ, ಅದನ್ನೇ ಹಿಡಿಯೋಣ. ದತ್ತು ತಗೊಂಡ ಅಂತ ಪತ್ರ ಮಾಡಿಸಿ. ಮಗ ಆದಮೇಲೆ ಹುಟ್ಟೂರು ಕೇಳೋರಿಲ್ಲ."

ರಂಗಮ್ಮ ಕೇಳಿದಳು, "ಇವ್ನು ಅಪ್ಪಯ್ಯಂಗೆ ಮಗ ಆದ್ರೆ ನನಗೇನಾಯ್ತಾನೆ?"

"ಕಾಗದದ ಮೇಲೆ ಅಣ್ಣ ಆಗ್ತಾನೆ ಕಣಮ್ಮ. ಬರೀ ಕಾಗದದ ಮೇಲೆ."

"ಬೆಂಕಿ ಹಾಕಿ ಸ್ವಾಮಿ ಆ ಕಾಗ್ದಕ್ಕೆ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವಳನ್ನೇ ನೋಡಿ ಕೇಳಿದರು, "ನೀನು ಹುಟ್ಟಿದ್ದೆಲ್ಲಿ?"

"ಅದೇ ಮನ್ಯಾಗೆ. ಇನ್ನೆಲ್ಲಿ?"

"ಅವನು ಊರಲ್ಲಿಲ್ಲದಾಗ ತೂಬು ತೆಗೆದೋರು ಯಾರು?"

"ನಾನೇ."

ಲೇಖನಿ ಕಿವಿಯಿಂದ ಇಳಿಯಿತು. ಹೆಂಗಸಿನ ಹೆಸರಿಗೂ ಊರ ಕೆಲಸ ಬರುವುದುಂಟು, ಅವಳ ಬದಲು ಮನೆಯ ಗಂಡಸು ಕೆಲಸ ಮಾಡಬಹುದು, ಬದಲಿಯವನಿಗೆ ಸೀಮೆ, ವಾಸದ ಕಟ್ಟು ಅಷ್ಟು ಬಿಗಿಯಿಲ್ಲ ಎಂದು ವಿವರಿಸಿದರು. ನೀರುಗಂಟಿ ರಂಗಮ್ಮ. ನಾನು ಅವಳ ಬದಲಿ.

ಊರು ಏನನ್ನುತ್ತದೆ ಎಂದು ನನಗೆ ಗೊತ್ತಿತ್ತು. ಮನೆ ಅಳಿಯ ಎಂಬ ಮಾತಿಗೇ ಸಾಕಷ್ಟು ನಕ್ಕಿದ್ದರು. ರಂಗಮ್ಮ ಸೆರಗಿನ ಅಂಚು ಸುತ್ತುತ್ತಾ ನೆಲ ನೋಡುತ್ತಿದ್ದಳು. ಬೇಡ ಅಂದರೆ ಬೇಡ ಎನ್ನುವಂತೆ ಕೂತಿದ್ದಳು. ನನಗೆ ತೂಬಿನ ಮೆಟ್ಟಿಲು ನೆನಪಾಯಿತು. ಅಲ್ಲಿ ಕಾಲು ಜಾರಿ ಬಿದ್ದ ಮಾವ ನೆನಪಾದ. ಗುದ್ದಲಿ ಹಿಡಿಯುವವನು ಹೇಗೂ ನಾನೇ. ಕಾಗದದಲ್ಲಿ ಯಾರ ಹೆಸರಿದ್ದರೆ ಏಡಿ ಬಿಲ ತಾನಾಗಿ ಮುಚ್ಚಿಕೊಳ್ಳುತ್ತದೆ?

"ಬರೀರಿ ಸ್ವಾಮಿ" ಅಂದೆ. "ಬೇಗ ಬರೀರಿ. ಮೋಟಾರು ಹೋಯ್ತದೆ."

ಅಪೀಲಿನ ಜೊತೆ ಹೊಸ ಅರ್ಜಿ ಸೇರಿತು. ಇನ್ನೇನು ಆಯಿತು ಅನ್ನುವಾಗ ದೊಡ್ಮಾವ ವಕೀಲರನ್ನು ಹಿಡಿದ. ವಿಚಾರಣೆಯ ದಿನ ಪಟೇಲರು, ಶಾನುಭೋಗರು, ಮಾವ, ರಂಗಮ್ಮ, ನಾನು ಮಧುಗಿರಿಗೆ ಹೋದೆವು. ದೊಡ್ಮಾವನೂ ಅದೇ ಮೋಟಾರಿನಲ್ಲಿ. ಮಾವನಿಗೆ ಕಣ್ಣು ಕಾಣದೆಂದು ಅವನೇ ಕೈ ಹಿಡಿದು ಹತ್ತಿಸಿದ. ದಾರಿಯಲ್ಲಿ ರಂಗಮ್ಮ ರೊಟ್ಟಿ ಬಿಚ್ಚಿದಾಗ ಅವನೂ ತಿಂದ, ಹುಚ್ಚೆಳ್ಳು ಚಟ್ನಿಗೆ ಉಪ್ಪು ಕಡಿಮೆ ಅಂದ.

ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ದೊಡ್ಮಾವನ ವಕೀಲರು ಎದ್ದು ಹೇಳಿದ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಮಹಾಸ್ವಾಮಿ, ಹೆಣ್ಣು ಮದುವೆಯಾದ ಮೇಲೆ ಗಂಡನ ಮನೆಗೆ ಸೇರಿದವಳು. ಗಂಡ ಬ್ರಿಟಿಷ್ ಸೀಮೆಯವನು. ಆದ್ದರಿಂದ ಈ ರಂಗಮ್ಮನೂ ಈಗ ಬ್ರಿಟಿಷ್ ಸೀಮೆಯವಳು."

"ನಾನಾ?" ಅಂದಳು ರಂಗಮ್ಮ. ಜವಾನ ಸದ್ದು ಮಾಡಬೇಡ ಎಂದು ಸನ್ನೆ ಮಾಡಿದ.

ನನ್ನ ಕೆಲಸ ಹೋದದ್ದು ಬೇರೆ, ನನ್ನನ್ನು ಕಟ್ಟಿಕೊಂಡದ್ದಕ್ಕೆ ಅವಳು ಹುಟ್ಟಿದ ಊರಲ್ಲೇ ಹೊರಗಿನವಳಾಗುವುದು ಬೇರೆ. ಬಾಯಿ ತೆಗೆಯುವಷ್ಟರಲ್ಲಿ ಮಾವ ಎದ್ದ. ಸಾಹೇಬರು ಎಲ್ಲಿ ಕೂತಿದ್ದಾರೆಂದು ಕಾಣದೆ ಕಿಟಕಿಯ ಕಡೆಗೆ ಕೈ ಮುಗಿದ.

"ಸ್ವಾಮಿ, ನನ್ ತಂಗೀನ ಕುಂಪಣಿಗೆ ಕೊಟ್ಟೆ. ಹೋದ್ಲು. ಆ ಕಡೆಯೋಳಾದ್ಲು. ಸರಿ, ನಾನು ಬ್ಯಾಡ ಅನ್ನಕಿಲ್ಲ. ಆದ್ರೆ ಮಗ್ಳನ್ನ ನಾನು ಎಲ್ಲಿಗೂ ಕೊಟ್ಟೇ ಇಲ್ವಲ್ಲ ಸ್ವಾಮಿ. ಮನ್ಯಾಗೇ ಅವ್ಳೆ. ಬಾಗ್ಲು ದಾಟ್ದೇ ಇದ್ದೋಳು ಹೆಂಗೆ ಸೀಮೆ ದಾಟಿದ್ಲು?"

ಸಾಹೇಬರು ಶಾನುಭೋಗರನ್ನು ಕೇಳಿದರು, "ಮನೆ ಅಳಿಯ ಅಂತ ಎಲ್ಲರೂ ಬಾಯಲ್ಲಿ ಹೇಳ್ತೀರಿ. ಹೆಣ್ಣು ಗಂಡಿನ ಮನೆಗೆ ಹೋದಳೋ, ಗಂಡು ಹೆಣ್ಣಿನ ಮನೆಗೆ ಬಂದನೋ? ಮದುವೆಯಲ್ಲಿ ಮನೆ ತುಂಬಿಸಿಕೊಂಡದ್ದು ಯಾರನ್ನ?"

ಶಾನುಭೋಗರು ಪಟೇಲರ ಮುಖ ನೋಡಿದರು. ಪಟೇಲರು ಎದ್ದು ನಿಂತು, ಗೊತ್ತಿಲ್ಲದೆಯೇ ಮೊಣಕಾಲು ಸವರಿಕೊಂಡರು.

"ಇವನನ್ನೇ ಸ್ವಾಮಿ. ಸೇರು ಒದ್ದೋನು ಇವ್ನೇ."

"ಗಂಡು ಸೇರು ಒದ್ದನೇ?"

"ಒದ್ದ ಅಂದ್ರೆ ಒದ್ದ ಸ್ವಾಮಿ. ಚಳಿಗಾಲದಲ್ಲಿ ಈಗ್ಲೂ ಮಂಡಿ ನೋಯ್ತದೆ."

ವಕೀಲರು ಎದ್ದು, ಪಟೇಲರು ಅರ್ಜಿದಾರರ ಕಡೆಯವರು, ಅವರ ಮಾತು ನಂಬತಕ್ಕದ್ದಲ್ಲ ಅಂದರು. ಆಗ ಸಾಹೇಬರು ದೊಡ್ಮಾವನನ್ನೇ ಮುಂದೆ ಕರೆದರು.

"ನೀನು ಆ ಮದುವೆಯಲ್ಲಿದ್ದೆಯಾ?"

"ಇದ್ದೆ ಸ್ವಾಮಿ. ಇರ್ದೇ ಏನು? ನಮ್ ಹುಡ್ಗೀ ಮದ್ವೆ."

"ಸೇರು ಒದ್ದದ್ದು ಯಾರು?"

ದೊಡ್ಮಾವ ವಕೀಲರ ಕಡೆ ನೋಡಿದ. ವಕೀಲರು ಏನೋ ಹೇಳುವಂತೆ ಕಣ್ಣು ಮಾಡಿದರು. ದೊಡ್ಮಾವ ಮಾವನ ಕಡೆ ನೋಡಿದ. ಮಾವ ಇನ್ನೂ ಕಿಟಕಿಗೆ ಕೈ ಮುಗಿದುಕೊಂಡೇ ನಿಂತಿದ್ದ.

"ಈ ಕುಂಪಣಿ ನನ್ಮಗನೇ ಸ್ವಾಮಿ" ಅಂದ ದೊಡ್ಮಾವ. "ಸೇರು ನಮ್ ಮನೇದು. ಕೇಳಿದ್ರು ಅಂತ ಕೊಟ್ಟಿದ್ದೆ. ಇನ್ನೂ ಸೊಟ್ಟಗೇ ಐತೆ."

ಸಾಹೇಬರು ಕೈವಸ್ತ್ರ ತೆಗೆದು ಬಾಯಿಗೆ ಹಿಡಿದರು. ವಕೀಲರು ಕೂತುಬಿಟ್ಟರು.

ಹೊರಗೆ ಬಂದ ಮೇಲೆ ದೊಡ್ಮಾವ ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. "ಅರ್ಜಿ ಬೇರೆ ಕಣ್ಲಾ, ಸುಳ್ಳು ಬೇರೆ" ಅಂದ. ಆಮೇಲೆ, "ಆ ಸೇರು ತಟ್ಟಿ ನೆಟ್ಟಗೆ ಮಾಡಿಸ್ಕೊಡು" ಅಂದ. ಊರಿಗೆ ಬಂದ ಮಾರನೇ ದಿನವೇ ಮಾಡಿಸಿಕೊಟ್ಟೆ. ಒಂದು ಕಡೆ ಸ್ವಲ್ಪ ತಗ್ಗು ಉಳಿಯಿತು. ಅದು ಹೋಗುವುದಿಲ್ಲ ಅಂದ ಕಂಚುಗಾರ.

ಮಳೆ ಬಂದು ಕೆರೆಗೆ ನೀರು ಏರುತ್ತಿದ್ದಾಗ ಮಧುಗಿರಿಯಿಂದ ಹುಕುಂ ಬಂತು. ಚಾವಡಿಯಲ್ಲಿ ಊರೆಲ್ಲ ಸೇರಿತು. ಶಾನುಭೋಗರು ಗಂಟಲು ಸರಿ ಮಾಡಿಕೊಂಡು ಓದಿದರು. ವಿವಾಹಾನಂತರ ರಂಗಮ್ಮ ತವರಿನಲ್ಲೇ ವಾಸವಿದ್ದು ಗಂಡನೇ ಆ ಮನೆಗೆ ಬಂದು ಸೇರಿರುವುದರಿಂದ ಆಕೆ ಮೈಸೂರು ಸೀಮೆಯವಳೇ. ನೀರುಗಂಟಿಕೆ ಆಕೆಯ ಹೆಸರಿಗೆ. ಮಾವ ತಲೆ ಆಡಿಸುತ್ತಾ ಕೇಳುತ್ತಿದ್ದ. ಶಾನುಭೋಗರು ಮುಂದಿನ ಸಾಲಿಗೆ ಬಂದು ನಿಂತರು. ಕಾಗದವನ್ನು ಕಣ್ಣಿನ ಹತ್ತಿರ ತಂದರು.

"ಏನ್ ಸ್ವಾಮಿ?" ಅಂದೆ. ಮತ್ತೆ ಏನೋ ತಕರಾರು ಬಂತು ಅಂದುಕೊಂಡೆ.

"ನೀರುಗಂಟಿ, ರಂಗಮ್ಮ ಕೋಂ ಓಬಳೇಶ. ಇದು ಸರಿ. ಬದಲಿ ಕೆಲಸಕ್ಕೆ..." ಎಂದು ತಡೆದು ಓದಿದರು, "ಓಬಳೇಶ ಕೋಂ ರಂಗಮ್ಮ."

ಚಾವಡಿಯಲ್ಲಿ ಎದ್ದ ನಗುವಿಗೆ ಎದುರಿನ ಬೇವಿನ ಮರದ ಕಾಗೆಗಳು ಹಾರಿದವು.

ತಪ್ಪು ಹೇಗೆ ಆಯಿತೆಂದು ಶಾನುಭೋಗರು ಯೋಚಿಸಿ ಹೇಳಿದರು. ಅಪ್ಪನ ಹೆಸರಿಗೆ ಬಿನ್ ಉಂಟು, ಗಂಡನ ಹೆಸರಿಗೆ ಕೋಂ ಉಂಟು. ಗಂಡಸಿನ ಹೆಸರಿನ ಮುಂದೆ ಹೆಂಡತಿಯ ಹೆಸರು ಬರೆಯುವುದಕ್ಕೆ ಕಚೇರಿಯಲ್ಲಿ ಮಾತೇ ಇಲ್ಲ. ಪಾಪ, ಬರೆಯುವವರು ಇದ್ದದ್ದನ್ನೇ ಹಾಕಿದ್ದಾರೆ. "ತಿದ್ದುಪಡಿಗೆ ಅರ್ಜಿ ಕೊಡು. ಮಧುಗಿರಿಗೆ ಒಂದು ಸಲ ಹೋಗಿ ಬಂದರೆ ಆಯಿತು."

"ಕೊನೇ ಗದ್ದೆ ಕಾಯ್ತಾ ಐತೆ, ಬುಡಿ ಸ್ವಾಮಿ" ಎಂದು ಗುದ್ದಲಿ ಎತ್ತಿಕೊಂಡು ಎದ್ದೆ.

ಹುಕುಂ ಈಗಲೂ ಹಾಗೆಯೇ ಇದೆ. ಊರಿನವರು ನನ್ನನ್ನು ಕುಂಪಣಿ ಎನ್ನುವುದನ್ನು ಬಿಟ್ಟಿದ್ದಾರೆ. "ಲೇ ಕೋಂ, ನಮ್ ಕಡೀಕ್ ನೀರು ಬುಡ್ಲಾ" ಎಂದು ಗದ್ದೆಯಿಂದ ಕೂಗುತ್ತಾರೆ. ಎಲ್ಲರಿಗಿಂತ ಜೋರಾಗಿ ಕೂಗುವವನು ದೊಡ್ಮಾವ. ತಿರುಗಿ ನೋಡುತ್ತೇನೆ, ನೀರು ಬಿಡುತ್ತೇನೆ.

ಹೋದ ತಿಂಗಳು ಬೇರೆ ಶೇಕ್ದಾರರು ಬಂದರು. ಹೊಸಬರು. ಏರಿ ನೋಡುತ್ತಾ ಮಾವ ಕೂತಿದ್ದ ಕಡೆ ಬಂದರು. ನಾನು ಕೆಳಗೆ ತೂಬಿನಲ್ಲಿ ಎದೆಯುದ್ದ ನೀರಲ್ಲಿದ್ದೆ, ರಂಗಮ್ಮ ಕಾಲುವೆಯ ಬಾಯಿಗೆ ಮಣ್ಣು ಹಾಕುತ್ತಿದ್ದಳು.

"ಅಲ್ಲಿ ತೂಬು ತೆಗೀತಿರೋನು ಯಾರಜ್ಜ?" ಎಂದು ಕೇಳಿ ಅವರು ಕಾಗದ ಬಿಚ್ಚಿದರು.

ಮಾವ ನನ್ನ ಕಡೆ, ನೀರಿನ ಸದ್ದಿನ ಕಡೆ, ಮುಖ ತಿರುಗಿಸಿದ. ಮುಖದ ತುಂಬ ನಗು.

"ಅವ್ನಾ? ನನ್ ಮಗ ಕಣ್ ಸ್ವಾಮಿ."

ಕಾಲುವೆಯಿಂದ ರಂಗಮ್ಮ ಕೂಗಿದ್ದು ಕುಂಪಣಿಯವರೆಗೂ ಕೇಳಿಸಿರಬೇಕು.

"ಅಪ್ಪಯ್ಯ!"